ಮಾದರಿ ಉತ್ತರ

ನಮ್ಮ ಕಾಲೇಜುಗಳಿಗೆ ಯಾವ ವಿದ್ಯೆ ಬಂದರೂ ಕೊನೆಗೆ ಅದು ನೋಟ್ಸಾಗಿಯೇ ತೀರಬೇಕು. ಈಜು ಕಲಿಸುವ ತರಗತಿ ಇಟ್ಟರೂ ನಮ್ಮ ಮಕ್ಕಳು ನೀರಿಗಿಳಿಯುವ ಮೊದಲು ನೋಟ್ಸ್ ಕೇಳುತ್ತಾರೆ. ಹೊಸಪೇಟೆಯ ಆ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷಕ್ಕೆ ‘ಉದ್ಯೋಗ ಕೌಶಲ’ ಎಂಬ ಹೊಸ ವಿಷಯ ಬಂದಾಗಲೂ ಆದದ್ದು ಅದೇ.

ಅದನ್ನು ಕಲಿಸಲು ನೇಮಕವಾದವರು ನಾಗಭೂಷಣ ಸರ್, ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಮಾತಿಗೆ ಮರ್ಯಾದೆ ಇರುವುದು ಮನೆಗಳಲ್ಲಿ. ಕಾಲೇಜಿನಲ್ಲಿ ಅದರ ಅರ್ಥ, ಮುಂದಿನ ವರ್ಷ ನೀವು ಇರುತ್ತೀರೋ ಇಲ್ಲವೋ ಗೊತ್ತಿಲ್ಲ ಅಂತ. ತಲೆ ಅರ್ಧ ಬೆಳ್ಳಗಾಗುವವರೆಗೂ ಅತಿಥಿಯಾಗಿಯೇ ಉಳಿದ ಈ ಮನುಷ್ಯ, ಕೆಲಸ ಗಿಟ್ಟಿಸಿಕೊಳ್ಳುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡಬೇಕಿತ್ತು. ಇದರ ತಮಾಷೆ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಪಾಠ ಚೆನ್ನಾಗಿ ಮಾಡುತ್ತಿದ್ದರು. ಕೈ ಕುಲುಕುವುದು ಹೇಗೆ, ನಾಲ್ಕು ಜನರ ಚರ್ಚೆಯಲ್ಲಿ ಇನ್ನೊಬ್ಬರ ಮಾತು ಕತ್ತರಿಸದೆ ನಮ್ಮ ಮಾತು ಸೇರಿಸುವುದು ಹೇಗೆ, ಓದಿದ್ದನ್ನು ಪುಸ್ತಕ ಮುಚ್ಚಿ ತನಗೆ ತಾನೇ ಹೇಳಿಕೊಂಡು ನೋಡುವುದು ಹೇಗೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದರು. ಲಲಿತಾಳಿಗೆ ಆ ತರಗತಿ ಇಷ್ಟವಾಗಿತ್ತು.

ಲಲಿತಾ ಕಡ್ಡಿರಾಂಪುರದವಳು. ಹಂಪಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಅವಳ ತಾಯಿ ರೇಣುಕಮ್ಮನ ತಗಡಿನ ಹೋಟೆಲು. ಬೆಳಿಗ್ಗೆ ಇಡ್ಲಿ, ಸಂಜೆ ಒಗ್ಗರಣಿ-ಮಿರ್ಚಿ. ತಂದೆ ಹಂಪಯ್ಯ ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಿದ್ದವನು. ಅವಳು ಎರಡನೇ ವರ್ಷದಲ್ಲಿದ್ದಾಗ, ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ಲಾರಿಯನ್ನು ಗುಡ್ಡಕ್ಕೆ ಗುದ್ದಿಸಿ ನಿಲ್ಲಿಸಿದ. ಎದುರಿಗೆ ಜನ ತುಂಬಿಕೊಂಡು ಬರುತ್ತಿದ್ದ ಟಂಟಂ ಆಟೋ ಉಳಿಯಿತು. ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಆಮೇಲೆ ಹೋಟೆಲಿನ ಅರ್ಧ ಭಾರ ಲಲಿತಾಳ ಹೆಗಲಿಗೆ ಬಿತ್ತು. ಕೋಳಿ ಕೂಗುವ ಮೊದಲು ಎದ್ದು ಒಲೆ ಹಚ್ಚುತ್ತಿದ್ದಳು. ಇಡ್ಲಿ ಬೇಯುವ ಹೊತ್ತಿನಲ್ಲಿ ಓದಬೇಕು, ಆದರೆ ಹಿಟ್ಟಿನ ಕೈಯಲ್ಲಿ ಪುಸ್ತಕ ಹಿಡಿಯುವುದು ಹೇಗೆ? ಅದಕ್ಕೇ ಕಾಸ್ಟ್ ಅಕೌಂಟಿಂಗಿನ ಸೂತ್ರಗಳನ್ನೆಲ್ಲ ಬರೆದ ದೊಡ್ಡ ಹಾಳೆಯೊಂದು ಒಲೆಯ ಮೇಲಿನ ಗೋಡೆಗೆ ಅಂಟಿತ್ತು. ಹೊಗೆಗೂ ಉಗಿಗೂ ಹಾಳೆ ಕಂದಿಹೋಯಿತು. ಆದರೆ ಆ ವಿಷಯದ ಪರೀಕ್ಷೆಯಲ್ಲಿ ತರಗತಿಗೆಲ್ಲ ಮೊದಲು ಬಂದವಳು ಲಲಿತಾ.

ಹೀಗಿರುವಾಗ ತೋರಣಗಲ್ಲಿನ ಸರಕು ಸಾಗಣೆ ಕಂಪನಿಯೊಂದು ತನ್ನ ಲೆಕ್ಕಪತ್ರ ವಿಭಾಗಕ್ಕೆ ಇಬ್ಬರನ್ನು ಆರಿಸಿಕೊಳ್ಳಲು ಕಾಲೇಜಿಗೆ ಬರುತ್ತದೆಂದು ಸುದ್ದಿ ಬಂತು. ಕಮಲಾಪುರದಿಂದ ಹೊರಡುವ ಅದರ ಬಸ್ಸು ಕಡ್ಡಿರಾಂಪುರ ಕ್ರಾಸಿನಲ್ಲಿ ನಿಂತು ಹೊಸಪೇಟೆ ಮೇಲೆ ಹೋಗುತ್ತದೆ, ಸಂಜೆ ಮಿರ್ಚಿ ಕರಿಯುವ ಹೊತ್ತಿಗೆ ವಾಪಸು ತಂದು ಬಿಡುತ್ತದೆ. ಬೇರೆ ಊರಿನ ಕೆಲಸವಾದರೆ ಅವಳು ಹೋಗುವಂತಿರಲಿಲ್ಲ. ಅಪ್ಪನನ್ನೂ ಒಲೆಯನ್ನೂ ಅವ್ವ ಒಬ್ಬಳೇ ನೋಡಿಕೊಳ್ಳಲಾರಳು. ಇದೊಂದು ತಪ್ಪಿದರೆ ಓದಿದ್ದೆಲ್ಲ ಇಡ್ಲಿ ಒಲೆಗೇ ಸಮರ್ಪಣೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಸಂದರ್ಶನಕ್ಕೆ ತಯಾರಿಯೆಂದು ನಾಗಭೂಷಣ ಸರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಾವೇ ಕಂಪನಿಯವರಾಗಿ ಪ್ರಶ್ನೆ ಕೇಳಿದರು. ‘ನೀವು ಎದುರಿಸಿ ಗೆದ್ದ ಒಂದು ಕಷ್ಟ ಹೇಳಿ’ ಅಂದಾಗ ಲಲಿತಾ ಮೊದಲು ಏನೂ ಇಲ್ಲವೆಂದಳು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಗಿರಾಕಿಗಳು ಯಾರಾದರೂ ‘ಕಾಲಿಗೇನಾತು’ ಅಂದರೆ ಹಂಪಯ್ಯ ಮುಖ ಆಚೆ ತಿರುಗಿಸಿಬಿಡುತ್ತಿದ್ದ. ಸರ್ ಬಿಡಲಿಲ್ಲ, ಮತ್ತೆ ಕೇಳಿದರು. ಆಗ ಮೊದಲ ಬಾರಿಗೆ ಹೊರಗಿನವರೊಬ್ಬರ ಮುಂದೆ ಅವಳು ಎಲ್ಲ ಹೇಳಿದಳು. ಲಾರಿ, ಗುಡ್ಡ, ಒಲೆ, ಹಾಳೆ. ಹಾಳೆಯ ವಿಷಯದಲ್ಲಿ ಮಾತ್ರ ‘ನಾನೇ ಅಂಟಿಸಿದೆ’ ಅಂದುಬಿಟ್ಟಳು. ಅದು ನಿಜವಲ್ಲ. ಅಲ್ಲಿ ನಡೆದದ್ದು ಮನೆಯೊಳಗಿನ ಮಾತು, ಸರ್‌ಗೆ ಹೇಳುವಂಥದ್ದಲ್ಲ ಅನಿಸಿತ್ತು.

ನಾಗಭೂಷಣ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನ ಹಿಂಗ ಹೇಳವ್ವ. ಇದಕ್ಕಿಂತ ಚಲೋ ಉತ್ತರ ನಾ ಕೇಳಿಲ್ಲ,” ಅಂದರು.

ಮನೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದ್ದು, ಮೆಣಸಿನಕಾಯಿ ಸೀಳುತ್ತ ಕುಂತಿದ್ದ ಹಂಪಯ್ಯನಿಗೂ ಕೇಳಿಸಿತು. ಲಲಿತಾ ಹೆದರಿದಳು. ಹಂಪಯ್ಯ ತಲೆ ಎತ್ತದೆ ಇನ್ನೆರಡು ಮೆಣಸಿನಕಾಯಿ ಸೀಳಿದ.

“ಹೇಳವ್ವ. ಸುಮ್ಮನ ಹೋದ ಕಾಲು ಅದು. ಒಂದು ಕೆಲಸಕ್ಕರ ಬರಲಿ.”

ಲಲಿತಾಳಿಗೆ ಅಳು ಬಂತು. ಅಪ್ಪ ತನ್ನ ಕಾಲಿನ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಂದಿನ ಶನಿವಾರ ಅವಳು ಕಾಲೇಜಿಗೆ ಹೋಗಲಿಲ್ಲ. ಕೃತಕ ಕಾಲಿನ ಅಳತೆ ಕೊಡಲು ಅಪ್ಪನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದಳು. ಅವತ್ತು ತರಗತಿಯವರು ನಾಗಭೂಷಣ ಸರ್ ಬೆನ್ನು ಹತ್ತಿದರು. ಕಷ್ಟದ ಪ್ರಶ್ನೆಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ, ಒಂದು ಉತ್ತರ ಬರೆಸಿಬಿಡಿ, ಎಲ್ಲ ಪ್ರಶ್ನೆಗೂ ಬರೆಸಿಬಿಡಿ. ಸರ್ ಮೊದಲು ಬೈದರು, ಆಮೇಲೆ ಬರೆಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಜೆರಾಕ್ಸ್ ಆಗಿ ಎಲ್ಲರ ಕೈಯಲ್ಲೂ ಇತ್ತು. ಸೋಮವಾರ ಲಲಿತಾ ಆ ಕಟ್ಟನ್ನು ನೋಡಿದಳು, ಬಿಚ್ಚಿ ಓದಲಿಲ್ಲ. ತನ್ನ ಉತ್ತರ ತನ್ನ ಬಳಿ ಇದೆಯಲ್ಲ ಅಂದುಕೊಂಡಳು.

ಸಂದರ್ಶನ ನಡೆದದ್ದು ಕಾಲೇಜಿನ ಗ್ರಂಥಾಲಯದಲ್ಲಿ. ಹುಡುಗರೆಲ್ಲ ಹೊರಗಿನ ಜಗಲಿಯಲ್ಲಿ ಕಾಯುತ್ತಿದ್ದರು. ಕಂಪ್ಲಿಯ ಹೊನ್ನೂರಪ್ಪ, ತರಗತಿಯನ್ನು ನಗಿಸುವವನು, ಆವತ್ತು ಇಸ್ತ್ರಿ ಅಂಗಿ ತೊಟ್ಟು, ಕಣ್ಣು ಮುಚ್ಚಿ, ಅತ್ತಿಂದಿತ್ತ ಓಡಾಡುತ್ತ ಇಂಗ್ಲಿಷಿನಲ್ಲಿ ಗುನುಗುತ್ತಿದ್ದ. ಅವಳ ಹತ್ತಿರ ಹಾದಾಗ ಮಾತು ಕೇಳಿಸಿತು. ನನ್ನ ತಂದೆಯವರು ಗಣಿಯಲ್ಲಿ ಲಾರಿ ಚಾಲಕರಾಗಿದ್ದರು. ನಾನು ಎರಡನೇ ವರ್ಷದಲ್ಲಿದ್ದಾಗ ಅವರು ಒಂದು ಕಾಲನ್ನು ಕಳೆದುಕೊಂಡರು.

ಹೊನ್ನೂರಪ್ಪನ ತಂದೆಗೆ ಗದ್ದೆ ಇತ್ತು, ಟ್ರ್ಯಾಕ್ಟರು ಇತ್ತು, ದೇವರ ದಯೆಯಿಂದ ಎರಡು ಕಾಲೂ ಇದ್ದವು.

ಲಲಿತಾ ಅವನನ್ನು ತಡೆದು, ಇದು ಯಾರದೆಂದು ಕೇಳಿದಳು.

“ಸರ್ ಬರೆಸಿದ್ದು. ಆರನೇ ಪ್ರಶ್ನಿ. ನೀ ಅವತ್ತು ಬಂದಿರಲಿಲ್ಲಲ್ಲ,” ಅಂದ ಹೊನ್ನೂರಪ್ಪ, ತನ್ನ ಹಾಳೆಗಳನ್ನೇ ಅವಳ ಕೈಗಿಟ್ಟ. “ತಗೋ, ಇನ್ನೂ ಟೈಮ್ ಐತಿ. ಜಲ್ದಿ ಬಾಯಿಪಾಠ ಮಾಡ್ಕೋ.”

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಲಲಿತಾ ಓದಿದಳು. ಹೆಸರಿರಲಿಲ್ಲ, ಊರಿರಲಿಲ್ಲ. ಉಳಿದದ್ದೆಲ್ಲ ಇತ್ತು. ಟಂಟಂ ಇತ್ತು, ಗುಡ್ಡ ಇತ್ತು, ಒಲೆಯ ಮೇಲೆ ಅಂಟಿಸಿದ ಸೂತ್ರದ ಹಾಳೆಯೂ ಇತ್ತು. ‘ಈ ಕಷ್ಟದಿಂದ ನಾನು ಸಮಯ ಪಾಲನೆ ಮತ್ತು ಜವಾಬ್ದಾರಿಯನ್ನು ಕಲಿತೆ’ ಎಂದು ಸರ್ ಕೊನೆಗೊಂದು ಬಾಲ ಸೇರಿಸಿದ್ದರು. ತಲೆ ಎತ್ತಿದರೆ ಜಗಲಿ ತುಂಬ ತುಟಿಗಳು ಅಲ್ಲಾಡುತ್ತಿದ್ದವು. ಸಂಡೂರಿನ ಎರ್ರೆಮ್ಮ, ಎಂದೂ ಸುಳ್ಳಾಡದ ಹುಡುಗಿ, ಗೋಡೆಗೆ ಮುಖ ಮಾಡಿ ತನ್ನ ತಂದೆಯ ಕಾಲು ಕತ್ತರಿಸುತ್ತಿದ್ದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಲಲಿತಾಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಅಪ್ಪನನ್ನು ಕರೆತಂದು ಇಲ್ಲಿ ಎಲ್ಲರೆದುರು ನಿಲ್ಲಿಸಿದ್ದು ತಾನೇ ಅನಿಸಿತು.

ನಾಗಭೂಷಣ ಸರ್ ಜಗಲಿಯ ಕೊನೆಯಲ್ಲಿ ನೀರು ಕುಡಿಯುತ್ತಿದ್ದರು. ಅವಳು ಹಾಳೆ ಹಿಡಿದು ನಿಂತಳು. ಏನೂ ಕೇಳಬೇಕಾಗಲಿಲ್ಲ.

“ಹೆಸರು ಹಾಕಿಲ್ಲವ್ವ,” ಅಂದರು ಸರ್. “ಮಾದರಿ ಅಂತ ಬರೆಸಿದೆ. ಇದನ್ನ ನೋಡಿ ನಿಮ್ಮ ನಿಮ್ಮದು ಬರಕೋರಿ ಅಂದಿದ್ದೆ.”

ಅಂದಿದ್ದರು, ನಿಜ. ಮಾದರಿ ಕೊಟ್ಟರೆ ನಮ್ಮ ಮಕ್ಕಳು ಅದನ್ನೇ ಬರೆಯುತ್ತಾರೆಂಬುದು ಇಷ್ಟು ವರ್ಷ ಪೇಪರು ತಿದ್ದಿದವರಿಗೆ ಗೊತ್ತಿರಲಿಲ್ಲವೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಲಲಿತಾ ಒಂದೇ ಮಾತು ಕೇಳಿದಳು.

“ನಮ್ಮಪ್ಪಗ ಏನು ಹೇಳ್ಲಿ ಸರ್?”

ಸರ್ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ನಿಜ ಹೇಳಿಬಿಡುತ್ತೇನೆ ಅಂದರು. ಗ್ರಂಥಾಲಯದ ಬಾಗಿಲವರೆಗೂ ಹೋದರು, ಹಿಡಿಕೆಯ ಮೇಲೆ ಕೈಯನ್ನೂ ಇಟ್ಟರು. ಒಳಗೆ ಪ್ರಾಂಶುಪಾಲರು ಕುಂತಿದ್ದರು. ಮುಂದಿನ ವರ್ಷಕ್ಕೆ ಯಾವ ಅತಿಥಿ ಬೇಕು, ಯಾವನು ಬೇಡ ಎಂದು ಅವರು ನೋಡುವ ತಿಂಗಳು ಅದೇ. ಸರ್ ಹಿಡಿಕೆಯಿಂದ ಕೈ ತೆಗೆದು, ಟೈ ಸರಿಮಾಡಿಕೊಂಡು, ಪಕ್ಕಕ್ಕೆ ಸರಿದು ನಿಂತರು. ಎಂಥವರಿಗೂ ಸಿಟ್ಟು ಬರುವ ಮಾತು. ಆದರೆ ಆ ಬಾಗಿಲ ಮುಂದೆ ನಿಂತವರಲ್ಲಿ ಕೆಲಸ ಬೇಡವಾದವರು ಒಬ್ಬರೂ ಇರಲಿಲ್ಲ.

ಲಲಿತಾ ಹಾಳೆಗಳನ್ನು ಹೊನ್ನೂರಪ್ಪನಿಗೆ ವಾಪಸು ಕೊಟ್ಟಳು. ಅವನು ಒಳಗೆ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬಂದ. ನಿಜವೇ ಎಂದು ಕೇಳಿದರಂತೆ, ತಾಯಾಣೆ ನಿಜ ಅಂದನಂತೆ, ಹೇಳುತ್ತ ಹೇಳುತ್ತ ತನಗೇ ಅಳು ಬಂತಂತೆ. ಎರ್ರೆಮ್ಮ ಹೋಗಿ ಬಂದಳು. ಇನ್ನೂ ಕೆಲವರು ಹೋಗಿ ಬಂದರು. ಆಮೇಲೆ ಲಲಿತಾಳ ಹೆಸರು ಕರೆದರು.

ಕಂಪನಿಯ ಕಡೆಯಿಂದ ಬಂದಿದ್ದವರು ದೇವಿಕಾ ಮೇಡಂ, ಮೈಸೂರು ಕಡೆಯ ಮಾತಿನವರು, ಇನ್ನೂ ಚಿಕ್ಕ ವಯಸ್ಸು. ಮುಖದ ಮೇಲೆ ಬೆಳಗಿನಿಂದ ಕುಂತ ದಣಿವಿತ್ತು. ಲೆಕ್ಕದ ಪ್ರಶ್ನೆಗಳು ಸಲೀಸಾಗಿ ಹೋದವು. ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಂದುವಿನ ಸೂತ್ರ ಬರೆಯಿರಿ ಅಂದರು. ಲಲಿತಾ ಬೋರ್ಡಿನ ಮುಂದೆ ನಿಂತು, ತಲೆಯನ್ನು ಒಂದು ಕಡೆಗೆ ಪೂರ್ತಿ ವಾಲಿಸಿ ಒಂದು ಗಳಿಗೆ ಗೋಡೆ ನೋಡಿದಳು, ಆಮೇಲೆ ತಪ್ಪಿಲ್ಲದೆ ಬರೆದಳು. ಕತ್ತು ಉಳುಕಿದೆಯಾ ಎಂದು ಮೇಡಂ ನಗುತ್ತ ಕೇಳಿದರು. ಅದು ರೂಢಿ ಎಂದಳು ಲಲಿತಾ.

ಆಮೇಲೆ ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

“ಮುಂದಿನ ಪ್ರಶ್ನೆ ಕೇಳೋಕೇ ಭಯ ಆಗ್ತಿದೆ. ಬೆಳಗ್ಗೆಯಿಂದ ಎಲ್ಲರ ಅಪ್ಪನಿಗೂ ಒಂದೇ ಲಾರಿ, ಒಂದೇ ಗುಡ್ಡ. ಎಲ್ಲರ ಮನೇಲೂ ಒಲೆ ಮೇಲೆ ಒಂದೇ ಹಾಳೆ. ಅದನ್ನ ಹೇಳಿದವರನ್ನ ನಾನು ತಗೊಳ್ಳಲ್ಲ. ನಿಮ್ಮದು ಬೇರೆ ಏನಾದರೂ ಇದ್ದರೆ ಹೇಳಿ.”

ಪ್ರಾಂಶುಪಾಲರು ಕೆಮ್ಮಿ ಕಿಟಕಿಯ ಕಡೆ ನೋಡಿದರು. ನನ್ನದು ನಿಜ ಎಂದು ಲಲಿತಾ ಅನ್ನಬಹುದಿತ್ತು. ಹೊನ್ನೂರಪ್ಪನೂ ತಾಯಾಣೆ ನಿಜ ಅಂದಿದ್ದ. ಬೇಕಾದರೆ ನಮ್ಮಪ್ಪನನ್ನು ಕರೆತರುತ್ತೇನೆ ಅನ್ನಬಹುದಿತ್ತು. ಅಪ್ಪ ಈ ಮೇಜಿನ ಮುಂದೆ ಬಂದು, ಲುಂಗಿ ಸರಿಸಿ, ಕಾಲಿಲ್ಲದ್ದನ್ನು ತೋರಿಸುವುದನ್ನು ನೆನೆದಳು. ಕೆಲಸವೂ ಬೇಕಿತ್ತು. ಕ್ರಾಸಿನಲ್ಲಿ ನಿಲ್ಲುವ ಆ ಬಸ್ಸೂ ಬೇಕಿತ್ತು.

“ನನಗ ಅಂಥ ಕಷ್ಟ ಏನೂ ಬಂದಿಲ್ರಿ ಮೇಡಂ. ನಮ್ಮಪ್ಪ ಲಾರಿ ಓಡಿಸ್ತಾರ. ಆರಾಮ ಅದಾರ.”

ದೇವಿಕಾ ಮೇಡಂ ಮುಖ ಅರಳಿತು.

“ಅಬ್ಬ. ಒಬ್ಬರಾದರೂ ನಿಜ ಹೇಳಿದ್ರಲ್ಲ.”

ಸಂಜೆ ಎರಡು ಹೆಸರು ಹೇಳಿದರು, ಲಾರಿ-ಗುಡ್ಡದ ಉತ್ತರ ಕೊಟ್ಟವರನ್ನೆಲ್ಲ ಕೈಬಿಟ್ಟದ್ದನ್ನೂ ಹೇಳಿದರು. ಒಂದು ಬುಕ್ಕಸಾಗರದ ಹುಡುಗನದು. ತರಗತಿಗೆ ಸರಿಯಾಗಿ ಬಾರದೆ, ನೋಟ್ಸ್ ಸಿಗದೆ, ಗಣಿತದಲ್ಲಿ ಡುಮ್ಕಿ ಹೊಡೆದದ್ದನ್ನೇ ತನ್ನ ಕಷ್ಟವೆಂದು ಹೇಳಿ ಗೆದ್ದಿದ್ದ. ಇನ್ನೊಂದು ಲಲಿತಾಳದು. ಗೇಟಿನ ಹತ್ತಿರ ಹೊನ್ನೂರಪ್ಪ ಅವಳಿಗಾಗಿ ಕಾದಿದ್ದ. ನಗಿಸುವ ಹುಡುಗನ ಮುಖದಲ್ಲಿ ನಗು ಇರಲಿಲ್ಲ.

“ಆ ಉತ್ತರ ಹೇಳಿದ್ರ ತಗೊಳಂಗಿಲ್ಲ ಅಂತ ನಿನಗ ಮೊದ್ಲೇ ಗೊತ್ತಿತ್ತು. ಅದಕ್ಕ ನೋಟ್ಸ್ ವಾಪಸ್ ಕೊಟ್ಟಿ. ನಾ ನಿನಗ ಕೊಟ್ಟಿದ್ದೆ ಲಲಿತಾ, ನೀ ಒಂದು ಮಾತು ಹೇಳಲಿಲ್ಲ.”

ಅವಳು ಏನು ಹೇಳಬೇಕಿತ್ತು? ನೀ ಅತ್ತದ್ದು ನಮ್ಮಪ್ಪನ ಕಾಲಿಗೆ ಅನ್ನಬೇಕಿತ್ತೇ? ನಾಗಭೂಷಣ ಸರ್ ದೂರದಲ್ಲಿ ಸ್ಕೂಟರಿಗೆ ಕೀಲಿ ಹಾಕುತ್ತಿದ್ದವರು ಅವಳನ್ನು ಕಂಡು, ಅಭಿನಂದನೆ ಹೇಳಲು ಬಂದವರಂತೆ ಎರಡು ಹೆಜ್ಜೆ ಇಟ್ಟು, ಹಾಗೇ ಹಿಂದಿರುಗಿದರು.

ಮನೆಯಲ್ಲಿ ಹಂಪಯ್ಯ ಬಾಗಿಲಲ್ಲೇ ಕುಂತಿದ್ದ. ಕೆಲಸವಾಯಿತೆಂದು ತಿಳಿದ ಮೇಲೆ ಬೇರೆ ಕಡೆ ನೋಡುತ್ತ ಕೇಳಿದ.

“ನಂದು ಹೇಳಿದಿಯೇನವ್ವ?”

“ಹೇಳಿದೆ ಅಪ್ಪ. ಅದನ್ನ ಕೇಳೇ ಕೊಟ್ರು.”

ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಲು ಬರುವ ಮಾತಲ್ಲ ಅದು. ಆವತ್ತು ಸಂಜೆ ಮಿರ್ಚಿ ತಿನ್ನಲು ಬಂದವರ ಮುಂದೆ ಹಂಪಯ್ಯ ತಾನಾಗಿಯೇ ಬಾಯಿ ಬಿಟ್ಟ. ಬ್ರೇಕು ಹೇಗೆ ಹೋಯಿತು, ಗುಡ್ಡ ಹೇಗೆ ಸಿಕ್ಕಿತು, ಟಂಟಂನಲ್ಲಿ ಎಷ್ಟು ಮಂದಿ ಹೆಂಗಸರಿದ್ದರು, ಎಲ್ಲ ಹೇಳಿದ. ಕೊನೆಗೆ ನನ್ನ ಕಾಲೇ ನನ್ನ ಮಗಳಿಗೆ ಕೆಲಸ ಕೊಡಿಸಿತು ಅಂದ. ಮರುದಿನವೂ ಹೇಳಿದ, ಅದರ ಮರುದಿನವೂ. ಎಷ್ಟೋ ತಿಂಗಳಿಂದ ಮೂಲೆ ಹಿಡಿದ ಮನುಷ್ಯ ಮತ್ತೆ ಗಂಡಸಾದ ಎಂದು ರೇಣುಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಲಲಿತಾ ಬಾಣಲಿಯಲ್ಲಿ ಮಿರ್ಚಿ ಸೀಯುವವರೆಗೂ ಹಾಗೇ ನಿಂತಿದ್ದಳು. ಇಷ್ಟು ಸಂತೋಷ ತಾನು ಆಡಿದ ಸುಳ್ಳಿನ ಮೇಲೆ ನಿಂತಿದೆಯಲ್ಲ ಅಂದುಕೊಂಡಳು.

ಕೆಲಸಕ್ಕೆ ಹೋಗುವ ಮೊದಲ ದಿನ ಹಂಪಯ್ಯ ಹೊಸ ಕಾಲು ಕಟ್ಟಿಕೊಂಡು, ಬಡಿಗೆ ಊರಿಕೊಂಡು, ಬೇಡವೆಂದರೂ ಕೇಳದೆ ಕ್ರಾಸಿನವರೆಗೂ ಬಂದ. ಬಸ್ಸು ಬಂತು. ಮುಂದಿನ ಕಿಟಕಿಯಲ್ಲಿ ದೇವಿಕಾ ಮೇಡಂ ಕುಂತಿದ್ದರು. ಕಮಲಾಪುರದಲ್ಲಿ ಮನೆ ಹಿಡಿದಿದ್ದರೆಂದು ಲಲಿತಾಳಿಗೆ ಗೊತ್ತಿರಲಿಲ್ಲ. ಗಾಬರಿಯಿಂದ ‘ಮೇಡಂ’ ಎಂದು ಕೈ ಮುಗಿದದ್ದೇ ತಪ್ಪಾಯಿತು. ಹಂಪಯ್ಯ ಬಡಿಗೆ ಊರುತ್ತ ಕಿಟಕಿಯ ಕೆಳಗೆ ಹೋಗಿ ನಿಂತ.

“ನನ್ನ ಕಾಲಿನ ಕಥಿ ಕೇಳಿ ಮಗಳಿಗೆ ಕೆಲಸ ಕೊಟ್ಟೀರಿ. ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ. ಹೋದ ಕಾಲು ಸಾರ್ಥಕಾತು.”

ದೇವಿಕಾ ಮೇಡಂ ಅವನ ಮುಖ ನೋಡಿದರು, ಲುಂಗಿಯ ಅಂಚಿನ ಕೆಳಗೆ ಕಾಣುವ ಹೊಸ ಕಾಲು ನೋಡಿದರು, ಆಮೇಲೆ ಲಲಿತಾಳನ್ನು ನೋಡಿದರು. ಹಂಪಯ್ಯನಿಗೆ ಕೈ ಮುಗಿದರು. ಡ್ರೈವರು ಹಾರ್ನ್ ಹೊಡೆದ. ಲಲಿತಾ ಹತ್ತಿದಳು. ಮೇಡಂ ಪಕ್ಕದ ಸೀಟಿನಿಂದ ತಮ್ಮ ಬ್ಯಾಗು ತೆಗೆದರು. ಬಸ್ಸು ಹೊರಟಿತು.

“ಲಾರಿ ಓಡಿಸ್ತಾರೆ, ಆರಾಮಾಗಿದ್ದಾರೆ ಅಂದಿದ್ರಿ,” ಅಂದರು ಮೇಡಂ. ದನಿಯಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ ತಿಳಿಯಲಿಲ್ಲ. “ಈಗ ಹೇಳಿ. ಯಾವುದು ನಿಜ?”

ಲಲಿತಾ ಬಾಯಿ ತೆರೆದಳು. ಬಂದದ್ದು ಇಂಗ್ಲಿಷು. ನನ್ನ ತಂದೆಯವರು ಗಣಿಯಲ್ಲಿ ಲಾರಿ ಚಾಲಕರಾಗಿದ್ದರು. ನಾನು ಎರಡನೇ ವರ್ಷದಲ್ಲಿದ್ದಾಗ. ಸರ್ ಬರೆಸಿದ ಸಾಲು, ಹೊನ್ನೂರಪ್ಪನ ರಾಗ. ಮೇಡಂ ಮುಖ ಕಿಟಕಿಯ ಕಡೆ ತಿರುಗಿತು. ಲಲಿತಾ ಅಲ್ಲಿಗೇ ನಿಲ್ಲಿಸಿದಳು. ಇದ್ದ ಕೆಲಸ ಮೊದಲ ದಿನವೇ ಹೋಗುತ್ತದೆಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ಅಪ್ಪನ ಬಗ್ಗೆ ಹೇಳಲು ತನ್ನದೆನ್ನುವ ಒಂದು ಮಾತೂ ಉಳಿದಿಲ್ಲವಲ್ಲ ಎಂದು. ಹಿಂದಿನ ಗಾಜಿನಲ್ಲಿ ಹಂಪಯ್ಯ ಇನ್ನೂ ಕ್ರಾಸಿನಲ್ಲೇ ನಿಂತಿದ್ದ.

“ಆ ಹಾಳಿ ನಾ ಅಂಟಿಸಿದ್ದಲ್ರಿ ಮೇಡಂ,” ಅಂದಳು, ಈಗ ತನ್ನ ಮಾತಿನಲ್ಲಿ. “ನಮ್ಮಪ್ಪ ಅಂಟಿಸಿದ್ದು. ಆಸ್ಪತ್ರಿಯಿಂದ ಬಂದ ಮ್ಯಾಲೆ ಯಾರ ಕೂಡೂ ಮಾತಾಡ್ತಿರಲಿಲ್ಲ, ಹಾಸಿಗಿ ಬಿಟ್ಟು ಏಳ್ತಿರಲಿಲ್ಲ. ಒಂದು ದಿನ ನಾ ಹಿಟ್ಟಿನ ಕೈಯಾಗ ಹಾಳಿ ತಿರುವಾಕ ಒದ್ದಾಡೋದು ನೋಡಿ, ಗ್ವಾಡಿ ಹಿಡ್ಕೊಂಡು ಒಂದೇ ಕಾಲಿನ ಮ್ಯಾಲೆ ಎದ್ದು ನಿಂತ್ರು. ನಾ ಬರೆದಿಟ್ಟಿದ್ದ ಸೂತ್ರದ ಹಾಳಿಗೆ ಗಂಜಿ ಹಚ್ಚಿ ಅಂಟಿಸಿದ್ರು. ಅವರಿಗೆ ಇಂಗ್ಲಿಷ್ ಬರಂಗಿಲ್ರಿ. ತಲಿಕೆಳಗ ಅಂಟಿಸಿಬಿಟ್ರು.”

ಮೇಡಂ ಕಿಟಕಿಯಿಂದ ಮುಖ ತಿರುಗಿಸಿದರು.

“ಸರಿಮಾಡಲಿಲ್ವಾ?”

“ಇಲ್ರಿ. ಹಂಗ ಓದಿದೆ, ಕತ್ತು ವಾಲಿಸ್ಕೊಂಡು. ಇವತ್ತಿಗೂ ಅದು ಹಂಗ ಐತಿ.”